ಕಾನೆಮಾರಾ: ನೆಲಕ್ಕಂಟಿದ ಕುಲದ ಹೆಸರು

ಐರ್ಲೆಂಡಿನ ಪಶ್ಚಿಮದಲ್ಲಿ, ಗಾಲ್ವೇ ಕೌಂಟಿಯ ಕಾರಿಬ್ ಸರೋವರಕ್ಕೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ಹರಡಿರುವ ಕಲ್ಲುಗುಡ್ಡ ಮತ್ತು ಜೌಗುನೆಲಗಳ ಸೀಮೆಯನ್ನು ಇಂಗ್ಲಿಷಿನಲ್ಲಿ ಕಾನೆಮಾರಾ ಎಂದೂ ಐರಿಷ್ ಭಾಷೆಯಲ್ಲಿ ಕೊನಮರ ಎಂದೂ ಕರೆಯುತ್ತಾರೆ. ಚೆನ್ನೈನ ಕನ್ನಿಮರಾ ಗ್ರಂಥಾಲಯವನ್ನು ಬಲ್ಲವರಿಗೆ ಈ ಪದ ತೀರ ಅಪರಿಚಿತವಲ್ಲ. 1886ರಿಂದ 1890ರವರೆಗೆ, ಅಂದರೆ ಮಂಗಳೂರು ಬಳ್ಳಾರಿಗಳೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಅಲ್ಲಿ ಗವರ್ನರ್ ಆಗಿದ್ದ ರಾಬರ್ಟ್ ಬೋರ್ಕ್ ಅವರ ಲಾರ್ಡ್ ಪದವಿಗೆ ಈ ಸೀಮೆಯ ಹೆಸರಿತ್ತು; ಗ್ರಂಥಾಲಯಕ್ಕೂ ಅದೇ ಬಂದಿತು.

ಹೆಸರಿನ ಹಳೆಯ ರೂಪ 'ಕೊನ್ಮೈಕ್ನೆ ಮರ'. ಇಲ್ಲಿ 'ಮರ' ಎಂಬುದು ಕಡಲು ಎಂಬರ್ಥದ 'ಮುಇರ್' ಶಬ್ದದ ಷಷ್ಠೀ ವಿಭಕ್ತಿಯ ರೂಪ. ನಮ್ಮ 'ಕಡಲು' 'ಕಡಲ' ಆದಂತೆ. ಇದನ್ನು ಕೇಳಿದೊಡನೆ ಸಮುದ್ರದ ಕೊಲ್ಲಿಗಳಿಂದ ತುಂಬಿದ ತೀರದ ವರ್ಣನೆಯೇ ಹೆಸರಾಗಿದೆ ಎನಿಸುವುದು ಸಹಜ. ಆದರೆ ಪದದ ಮುಖ್ಯಾಂಗ ನೆಲವನ್ನಲ್ಲ, ಜನರನ್ನು ಹೇಳುತ್ತದೆ. ಕೊನ್ಮೈಕ್ನೆ ಎಂದರೆ ಕೊನ್ಮಾಕ್ ಎಂಬ ಮೂಲಪುರುಷನ ವಂಶದವರು. ಐತಿಹ್ಯದ ಪ್ರಕಾರ ಅವನು ವೀರ ಫರ್ಗಸ್ ಮತ್ತು ಕನಾಕ್ಟಿನ ರಾಣಿ ಮೇವ್ ಇವರ ಮಗ. ಅವನ ಹೆಸರಿನಲ್ಲೇ ಬೇಟೆನಾಯಿಯನ್ನು ಸೂಚಿಸುವ 'ಕೂ' ಶಬ್ದದ 'ಕೊನ್' ರೂಪವಿದೆ. ಹಳೆಯ ಐರ್ಲೆಂಡಿನಲ್ಲಿ ಅದು ವೀರನಿಗೆ ಸಲ್ಲುವ ಗೌರವದ ಮಾತಾಗಿತ್ತು.

ಹಾಗಾದರೆ ಕಡಲು ಏಕೆ ಸೇರಿತು? ಈ ಕುಲ ಒಂದೇ ಕಡೆ ಇರಲಿಲ್ಲ. ಲೀಟ್ರಿಮ್ ಕೌಂಟಿಯ ಒಳನಾಡಿನಲ್ಲಿ ಒಂದು ಶಾಖೆ, ಗಾಲ್ವೇಯದೇ ಡನ್‌ಮೋರ್ ಸುತ್ತ ಇನ್ನೊಂದು ಶಾಖೆ ನೆಲೆಸಿದ್ದವು. ಅವರಿಂದ ತೀರದವರನ್ನು ಬೇರ್ಪಡಿಸಿ ಗುರುತಿಸಲು 'ಕಡಲ' ಎಂಬ ವಿಶೇಷಣ ಬೇಕಾಯಿತು. ನನಗೆ ಈ ಹೆಸರಿನಲ್ಲಿ ಅತ್ಯಂತ ಪ್ರಿಯವಾದ ಅಂಶ ಇದೇ: ಬಂಧುಗಳ ನಡುವೆ ಗುರುತಿಗಾಗಿ ಬಳಸಿದ ಮಾತೊಂದು ಭೂಪಟದಲ್ಲಿ ಉಳಿದುಬಿಟ್ಟಿದೆ.

ಐರಿಷ್‌ನಲ್ಲಿ 'ಕೊನ್ಮೈಕ್ನೆ'ಯಂಥ ಪದಗಳ ನಡುವಿನ 'ಮ'ಕಾರ ಸಡಿಲಗೊಂಡು ಮೂಗಿನಿಂದ ನುಡಿಯುವ 'ವ'ಕಾರದಂತಾಗುತ್ತದೆ. ಹೀಗೆ ಸವೆಯುತ್ತ ನಡುವಿನ ಅಕ್ಷರಗಳು ಕರಗಿ 'ಕೊನಮರ' ಉಳಿಯಿತು. ಅಷ್ಟರಲ್ಲಿ ಕುಲದ ಆಳ್ವಿಕೆಯೂ ಮುಗಿದಿತ್ತು. 13ನೆಯ ಶತಮಾನದಲ್ಲಿ ಪೂರ್ವದಿಂದ ತಳ್ಳಲ್ಪಟ್ಟು ಬಂದ ಓ ಫ್ಲಾಹರ್ಟಿ ಮನೆತನ ಈ ಪಶ್ಚಿಮ ಸೀಮೆಗೆ ಒಡೆಯರಾಯಿತು. ಹೆಸರು ಮಾತ್ರ ಬೆಳೆಯಿತು. ಮೊದಲು ಅದು ಸುಮಾರಾಗಿ ಈಗಿನ ಬ್ಯಾಲಿನಾಹಿಂಚ್ ವಿಭಾಗಕ್ಕಷ್ಟೇ ಸಲ್ಲುತ್ತಿತ್ತು. ಇಂದು ಅದರ ಹೊರಗಿದ್ದ, ಐರಿಷ್ ಇನ್ನೂ ಮನೆಮಾತಾಗಿರುವ ಕ್ಯಾರರೋ ಕರಾವಳಿಯನ್ನೂ ಜನ ಕಾನೆಮಾರಾ ಎಂದೇ ಕರೆಯುತ್ತಾರೆ.