ತೊಳೆದ ಟೋಪಿ, ಸೋತ ತಂಡ

ಅಕ್ಕ ಆ ನೀಲಿ ಟೋಪಿಯನ್ನು ಎರಡೇ ಬೆರಳಲ್ಲಿ ಹಿಡಿದು ಎತ್ತಿದಳು. ಒಳಗಿನ ಪಟ್ಟಿಯ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಕಟ್ಟಿತ್ತು. 'ಏಪ್ರಿಲ್‌ನಿಂದ ನೀರು ಕಂಡಿಲ್ಲ ಕಣೋ ಇದು. ವಾಸನೆ ನೋಡು' ಅಂದಳು. ಸೋಫಾ ಮೇಲೆ ಕೂತಿದ್ದ ಭಾವ ಸ್ವಲ್ಪ ಹೊತ್ತು ಯೋಚಿಸಿದರು. 'ಸರಿ, ತೊಳಿ. ಒಂಬತ್ತು ಗೇಮ್ ಮುಂದಿದೀವಿ. ಇನ್ನು ನಮ್ಮನ್ನ ಯಾರೂ ಹಿಡಿಯಕ್ಕಾಗಲ್ಲ' ಅಂದರು.

ಅದು 2011ರ ಸೆಪ್ಟೆಂಬರ್ 4, ಭಾನುವಾರ. ಅಮೆರಿಕದ ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ನಲ್ಲಿರುವ ಅಕ್ಕನ ಮನೆಗೆ ನಾನು ಹೋಗಿದ್ದೆ. ಭಾವ ಬಾಸ್ಟನ್ ರೆಡ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡದ ಭಕ್ತರು. ಆ ವರ್ಷ ತಂಡ ಮೊದಲ 12 ಪಂದ್ಯಗಳಲ್ಲಿ 10 ಸೋತಿತ್ತು. ಆಗ ಅವರು ಹಳೇ ಟೋಪಿ ಎಸೆದು ಇದನ್ನು ಕೊಂಡಿದ್ದರು. ಕೊಂಡಮೇಲೆ ಗೆಲುವು ಶುರುವಾಯಿತು. ಆಗಸ್ಟ್ ಕೊನೆಗೆ ಲೆಕ್ಕ 83 ಗೆಲುವು, 52 ಸೋಲು. ಅದಕ್ಕೇ ಟೋಪಿಗೆ ನೀರು ಮುಟ್ಟಿಸುವಂತಿರಲಿಲ್ಲ.

ತೊಳೆದ ಟೋಪಿ ಬಾಲ್ಕನಿಯಲ್ಲಿ ಒಣಗಿತು. ತಂಡ ಬಿದ್ದಿತು. ಆ ಸೆಪ್ಟೆಂಬರ್‌ನಲ್ಲಿ ಆಡಿದ 27 ಪಂದ್ಯಗಳಲ್ಲಿ ಗೆದ್ದದ್ದು ಬರೀ 7. ಸೆಪ್ಟೆಂಬರ್ 28ರ ಕೊನೆಯ ರಾತ್ರಿ ಬಾಲ್ಟಿಮೋರ್‌ನಲ್ಲಿ 3-2 ಮುಂದಿದ್ದ ತಂಡಕ್ಕೆ ಇನ್ನೊಂದೇ ಔಟ್ ಬೇಕಿತ್ತು. ಅದು ಸಿಗಲಿಲ್ಲ, 4-3ಕ್ಕೆ ಸೋತರು. ಕೆಲವೇ ನಿಮಿಷಗಳಲ್ಲಿ, ಅದೇ ಪ್ಲೇಆಫ್ ಸ್ಥಾನಕ್ಕೆ ಸರಿಸಮ ನಿಂತಿದ್ದ ಟ್ಯಾಂಪಾ ಬೇ ರೇಸ್ ತಂಡ, 0-7 ಹಿಂದೆ ಬಿದ್ದಿದ್ದರೂ, ನ್ಯೂಯಾರ್ಕ್ ಯಾಂಕೀಸ್ ವಿರುದ್ಧ 8-7ಕ್ಕೆ ಗೆದ್ದುಬಿಟ್ಟಿತು. ಒಂದೇ ಒಂದು ಗೆಲುವಿನ ಅಂತರದಲ್ಲಿ ರೆಡ್ ಸಾಕ್ಸ್ ಪ್ಲೇಆಫ್‌ನಿಂದ ಹೊರಗೆ. ಮಧ್ಯರಾತ್ರಿ ದಾಟಿತ್ತು. ಭಾವ ಟಿವಿ ಆರಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. 'ತೊಳೆದ ದಿನದಿಂದ ಲೆಕ್ಕ ಹಾಕು' ಅಂದರು.

ಅವತ್ತಿನಿಂದ ನಾನು ಲೆಕ್ಕ ಹಾಕುತ್ತಲೇ ಇದ್ದೇನೆ.

ಭಾವ ಇಂಜಿನಿಯರ್. ದಡ್ಡರಲ್ಲ. ಅವರ ಕಣ್ಣಿಗೆ ಕಂಡದ್ದು ಸುಳ್ಳೂ ಅಲ್ಲ. ಟೋಪಿ ಕೊಂಡಮೇಲೆ ತಂಡ ಮೇಲೆದ್ದದ್ದು ನಿಜ, ತೊಳೆದಮೇಲೆ ಬಿದ್ದದ್ದೂ ನಿಜ. ತೊಂದರೆ ಇರುವುದು ಆ ಎರಡು ದಿನಗಳನ್ನು ಆರಿಸಿದ ರೀತಿಯಲ್ಲಿ. ತಂಡ ತೀರಾ ತಳದಲ್ಲಿದ್ದಾಗ ಟೋಪಿ ಕೊಂಡರು. ತುತ್ತತುದಿಯಲ್ಲಿದ್ದಾಗ ತೊಳೆಯಲು ಒಪ್ಪಿದರು. ತಳದಲ್ಲಿ ಏನು ಮಾಡಿದರೂ ಮುಂದಿನ ದಾರಿ ಸಾಮಾನ್ಯವಾಗಿ ಮೇಲಕ್ಕೇ. ತುದಿಯಲ್ಲಿ ಏನು ಮಾಡಿದರೂ ಕೆಳಕ್ಕೇ.

ಇದಕ್ಕೆ 'ರಿಗ್ರೆಷನ್', ಅಂದರೆ ಸರಾಸರಿಯತ್ತ ಮರಳುವುದು, ಎಂದು ಹೆಸರು ಕೊಟ್ಟವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1886ರಲ್ಲಿ ಅವನು ನೂರಾರು ಕುಟುಂಬಗಳ ಎತ್ತರದ ಲೆಕ್ಕ ಪ್ರಕಟಿಸಿದ. ತುಂಬಾ ಉದ್ದದ ಅಪ್ಪ-ಅಮ್ಮನ ಮಕ್ಕಳು ಉದ್ದವೇ, ಆದರೆ ಸರಾಸರಿಯಲ್ಲಿ ಅವರಷ್ಟಲ್ಲ. ತೀರಾ ಗಿಡ್ಡ ಇದ್ದವರ ಮಕ್ಕಳು ಗಿಡ್ಡವೇ, ಆದರೆ ಅಷ್ಟೊಂದಲ್ಲ. ಎಲ್ಲರೂ ನಡುವಿನ ಕಡೆಗೆ ವಾಲುತ್ತಾರೆ. ಯಾರೂ ಎಳೆಯುತ್ತಿಲ್ಲ, ಸುಮ್ನೆ ಲೆಕ್ಕವೇ ಹಾಗೆ. ತುದಿಗೆ ಹೋಗಲು ಸಾಮರ್ಥ್ಯದ ಜೊತೆ ಅದೃಷ್ಟವೂ ಕೂಡಿಬರಬೇಕು. ಮುಂದಿನ ಸಲ ಸಾಮರ್ಥ್ಯ ಜೊತೆಗಿರುತ್ತದೆ, ಅದೃಷ್ಟ ಹೊಸದಾಗಿ ಶುರುವಾಗುತ್ತದೆ.

ಬೇಸ್‌ಬಾಲ್‌ನಲ್ಲಿ ಆ ಅದೃಷ್ಟ ಎಷ್ಟು? ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದೂ ಸುಮಾರು ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಈಗ ಆಟಗಾರರನ್ನು ಮನೆಗೆ ಕಳಿಸಿ, 30 ಜನರ ಕೈಗೆ ಒಂದೊಂದು ನಾಣ್ಯ ಕೊಡಿ. ಒಬ್ಬೊಬ್ಬರೂ 162 ಸಲ ಚಿಮ್ಮಲಿ. ಹೆಡ್ ಬಿದ್ದರೆ ಗೆಲುವು. ಸರಾಸರಿ 81 ಬರಬೇಕು ಅಲ್ವಾ? ಆದರೆ ಎಲ್ಲರಿಗೂ 81 ಬರುವುದಿಲ್ಲ. ಮೂವರಲ್ಲಿ ಇಬ್ಬರು 75ರಿಂದ 87ರ ಒಳಗೆ ಇರುತ್ತಾರೆ. ಮೂವತ್ತು ಜನರಲ್ಲಿ ಎಲ್ಲರಿಗಿಂತ ಮೇಲಿರುವವನಿಗೆ 94ರ ಆಸುಪಾಸು, ಕೆಳಗಿರುವವನಿಗೆ 68ರ ಆಸುಪಾಸು ಬಂದಿರುತ್ತದೆ. 94 ಗೆಲುವು ಅಂದರೆ ಬೇಸ್‌ಬಾಲ್‌ನಲ್ಲಿ ಸಣ್ಣ ಮಾತಲ್ಲ. ಆ ನಾಣ್ಯ ಚಿಮ್ಮಿದವನ ಸಂದರ್ಶನ ಪೇಪರಿನಲ್ಲಿ ಬರುತ್ತಿತ್ತು.

ನಿಜವಾದ ತಂಡಗಳ ನಡುವೆ ವ್ಯತ್ಯಾಸ ಇದಕ್ಕಿಂತ ಜಾಸ್ತಿ. ಆ ಜಾಸ್ತಿ ಇರುವ ಭಾಗ ಸಾಮರ್ಥ್ಯದ್ದು. ಎರಡನ್ನೂ ತೂಗಿ ನೋಡಿದರೆ ಒಂದು ಚಂದದ ಸಂಖ್ಯೆ ಸಿಗುತ್ತದೆ, 70. ಸುಮಾರು 70 ಪಂದ್ಯ ಮುಗಿಯುವ ಹೊತ್ತಿಗೆ ಅದೃಷ್ಟದ ಅಲುಗಾಟವೂ ತಂಡಗಳ ನಿಜವಾದ ವ್ಯತ್ಯಾಸವೂ ಸಮ ಆಗುತ್ತವೆ. ಇದರಿಂದ ಕೈಲೆಕ್ಕಕ್ಕೆ ಒಂದು ಸೂತ್ರ ಹುಟ್ಟುತ್ತದೆ. ಯಾವುದೇ ತಂಡದ ಲೆಕ್ಕಕ್ಕೆ 35 ಗೆಲುವು, 35 ಸೋಲು ಸೇರಿಸಿ. ಆಮೇಲೆ ಭಾಗಿಸಿ.

ಈ ಸೂತ್ರ ನನಗೆ ಬಹಳ ಇಷ್ಟ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಬಿಂದಿಗೆಯಲ್ಲಿ ಆಗಲೇ 70 ಲೋಟ ಸಪ್ಪೆ ನೀರಿದೆ ಅಂದುಕೊಳ್ಳಿ. ಒಂದೊಂದು ಪಂದ್ಯವೂ ಒಂದು ಲೋಟ. ಗೆದ್ದರೆ ಬೆಲ್ಲದ ನೀರು, ಸೋತರೆ ಉಪ್ಪುನೀರು. ಹತ್ತು ಲೋಟ ಉಪ್ಪುನೀರು ಸುರಿದರೂ ಬಿಂದಿಗೆ ಸಮುದ್ರ ಆಗುವುದಿಲ್ಲ. ನೂರು ಲೋಟ ಬಿದ್ದಮೇಲೆ ರುಚಿ ನಿಜಕ್ಕೂ ಗೊತ್ತಾಗತೊಡಗುತ್ತದೆ. ಅಥವಾ ಬಾವಿ ನೋಡಿ. ಮೊದಲ ಮಳೆಗೆ ಎರಡು ಮೊಳ ನೀರು ಏರಿದರೆ ಈ ವರ್ಷ ಬಾವಿ ತುಂಬಿತು ಅಂತ ಯಾವ ರೈತನೂ ಕಬ್ಬು ಹಾಕುವುದಿಲ್ಲ. ಹಿಂದಿನ ಎಷ್ಟೋ ಮಳೆಗಾಲಗಳ ನೆನಪು ಅವನ ತಲೆಯಲ್ಲಿರುತ್ತದೆ. ಆ ನೆನಪೇ ಈ 35-35.

ಈಗ ಭಾವನ ತಂಡಕ್ಕೆ ಹಾಕೋಣ. ಏಪ್ರಿಲ್‌ನ 2-10ಕ್ಕೆ 35-35 ಸೇರಿಸಿದರೆ 37-45. ಅಂದರೆ ನೂರಕ್ಕೆ 45 ಗೆಲ್ಲಬಲ್ಲ ತಂಡ. ನೂರಕ್ಕೆ 17 ಗೆದ್ದ ತಂಡದಂತೆ ಅತ್ತು ಹೊಸ ಟೋಪಿ ಕೊಳ್ಳುವ ಅಗತ್ಯವೇ ಇರಲಿಲ್ಲ. ಆಗಸ್ಟ್ ಕೊನೆಯ 83-52 ನೂರಕ್ಕೆ 61ರಂತೆ ಕಾಣುತ್ತಿತ್ತು. ಸೇರಿಸಿದರೆ 118-87, ನೂರಕ್ಕೆ 57 ಚಿಲ್ಲರೆ. ಟೋಪಿ ತೊಳೆಯದಿದ್ದರೂ ಸ್ವಲ್ಪ ಇಳಿಯಲೇಬೇಕಿತ್ತು.

ಆದರೆ ಪ್ರಾಮಾಣಿಕವಾಗಿ ಹೇಳಬೇಕು. 57ರ ತಂಡ 27 ಪಂದ್ಯಗಳಲ್ಲಿ 15 ಗೆಲ್ಲಬೇಕು. ಗೆದ್ದದ್ದು 7. ಇಷ್ಟು ದೊಡ್ಡ ಕುಸಿತವನ್ನು ಪೂರ್ತಿ ಅದೃಷ್ಟದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಕ್ಲೇ ಬುಕ್‌ಹೋಲ್ಟ್ಸ್ ಎಂಬ ಮುಖ್ಯ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಬೆನ್ನಿನ ಮೂಳೆಯ ಗಾಯದಿಂದ ಜೂನ್‌ನಲ್ಲೇ ಹೊರಗೆ ಕೂತಿದ್ದ. ಡೈಸುಕೆ ಮಾಟ್ಸುಝಾಕನ ಮೊಣಕೈಗೆ ಆಪರೇಷನ್ ಆಗಿತ್ತು. ಉಳಿದ ಪಿಚರ್‌ಗಳು ಸೆಪ್ಟೆಂಬರ್‌ನಲ್ಲಿ ಸುಸ್ತು ಹೊಡೆದರು. ಇವು ಕಾರಣಗಳು. ಮೊಣಕೈಯಿಂದ ಚೆಂಡಿಗೆ ದಾರಿ ಇದೆ. ಬಾಲ್ಕನಿಯ ಟೋಪಿಯಿಂದ ಇಲ್ಲ.

ಸೀಸನ್ ಮುಗಿದಮೇಲೆ ಇನ್ನೊಂದು ಸುದ್ದಿ ಬಂತು. ತಮ್ಮ ಸರದಿ ಇಲ್ಲದ ದಿನ ಕೆಲವು ಪಿಚರ್‌ಗಳು ಒಳಗೆ ಕೂತು ಕರಿದ ಕೋಳಿ ತಿಂದು ಬಿಯರ್ ಕುಡಿಯುತ್ತಿದ್ದರಂತೆ. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ತಂಡಕ್ಕೆ 2004 ಮತ್ತು 2007ರಲ್ಲಿ ಕಪ್ ತಂದುಕೊಟ್ಟಿದ್ದ ಮ್ಯಾನೇಜರ್ ಟೆರಿ ಫ್ರಾಂಕೋನ ಹುದ್ದೆ ಬಿಟ್ಟರು. ಹೊಸ ಮ್ಯಾನೇಜರ್ ಬಂದರು. 2012ರಲ್ಲಿ ತಂಡ 69 ಗೆದ್ದು ತನ್ನ ಗುಂಪಿನಲ್ಲಿ ಕೊನೆಗೆ ಬಿತ್ತು. ಅವರನ್ನೂ ತೆಗೆದರು. 2013ರಲ್ಲಿ 97 ಗೆದ್ದು ಚಾಂಪಿಯನ್. 2014ರಲ್ಲಿ 71 ಗೆದ್ದು ಮತ್ತೆ ಕೊನೆಗೆ. 2013ರಲ್ಲಿ ಗೆಲ್ಲಿಸಿದ ಮ್ಯಾನೇಜರೇ 2014ರಲ್ಲೂ ಇದ್ದರು.

ಇನ್ನೊಂದು ವಿಷಯ ಅಭಿಮಾನಿಗಳಿಗೆ ಯಾರಾದರೂ ಮಾರ್ಚ್‌ನಲ್ಲೇ ಹೇಳಬೇಕು. ಸರಣಿ ಸೋಲು ಬಂದೇ ಬರುತ್ತದೆ. ಸರಿಸಮ ತಂಡವೊಂದು 162 ಪಂದ್ಯಗಳಲ್ಲಿ ಎಲ್ಲೋ ಒಂದು ಕಡೆ ಸತತ ಐದು ಸೋಲುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಜಾಸ್ತಿ. 97 ಗೆಲ್ಲುವ ಬಲಾಢ್ಯ ತಂಡಕ್ಕೂ ಅದು ನೂರಕ್ಕೆ 60ರಷ್ಟು. ಇದು ನಾಣ್ಯದ ಲೆಕ್ಕ, ಇದರಲ್ಲಿ ಯಾರ ಮನಸ್ಥಿತಿಯೂ ಕೆಟ್ಟಿಲ್ಲ. ನಮ್ಮ ಐಪಿಎಲ್‌ನಲ್ಲಿ ಲೀಗ್ ಹಂತಕ್ಕೆ 14 ಪಂದ್ಯ ಮಾತ್ರ. ಅಲ್ಲಿ ಅದೃಷ್ಟದ ಅಬ್ಬರ ಇನ್ನೂ ಜೋರು. ಪ್ರತಿ ವರ್ಷ ಚೀಟಿ ಎತ್ತಿ ಕಪ್ ಕೊಟ್ಟಿದ್ದರೂ, ಒಂದು ತಂಡಕ್ಕೆ 2008ರಿಂದ 2024ರವರೆಗೆ ಒಮ್ಮೆಯೂ ಕಪ್ ಸಿಗದಿರುವ ಸಾಧ್ಯತೆ ಎಂಟರಲ್ಲಿ ಒಂದು. ಬೆಂಗಳೂರಿನವರು ಅಷ್ಟು ವರ್ಷ ಯಾವ ದೋಷ ಹುಡುಕಿದರೋ, ಅದಕ್ಕೆ ಇಷ್ಟು ಸಾಕಿತ್ತು.

ಬಾಸ್ಟನ್‌ನವರಿಗೆ ಟೋಪಿಗಿಂತ ದೊಡ್ಡ ನಂಬಿಕೆಯೊಂದಿತ್ತು. 1918ರಲ್ಲಿ ಕಪ್ ಗೆದ್ದ ತಂಡ, 1919ರ ಕೊನೆಗೆ ಬೇಬ್ ರೂತ್ ಎಂಬ ಮಹಾನ್ ಆಟಗಾರನನ್ನು ಒಂದು ಲಕ್ಷ ಡಾಲರಿಗೆ ಯಾಂಕೀಸ್‌ಗೆ ಮಾರಿತು. ಆಮೇಲೆ 2004ರವರೆಗೆ ಕಪ್ ಇಲ್ಲ. ರೂತ್‌ನ ಶಾಪ ಎಂದರು. ಇಲ್ಲೂ ಚೀಟಿ ಎತ್ತೋಣ. ಹೆಸರು ಹಿಡಿದು ಹೇಳಿದ ಒಂದು ತಂಡಕ್ಕೆ ಅಷ್ಟು ವರ್ಷ ಚೀಟಿ ಬಾರದಿರುವುದು 80ರಲ್ಲಿ ಒಂದು ಸಾಧ್ಯತೆ. ಆದರೆ ಆಗ ಇದ್ದದ್ದು 16 ತಂಡ. ಅವುಗಳಲ್ಲಿ ಯಾವುದೋ ಒಂದಕ್ಕೆ ಹಾಗಾಗುವ ಸಾಧ್ಯತೆ ಐದಾರರಲ್ಲಿ ಒಂದು. ಶಾಪದ ಕತೆ ಯಾವ ಊರಿನಲ್ಲಿ ಹುಟ್ಟುತ್ತದೆ ಅನ್ನುವುದಷ್ಟೇ ಬದಲಾಗುತ್ತಿತ್ತು.

ಶಾಪದ ಮಾತು ನನಗೆ ಸಿಟ್ಟು ತರಿಸುವುದು ಬೇರೆ ಕಾರಣಕ್ಕೆ. 1945ರ ಏಪ್ರಿಲ್‌ನಲ್ಲಿ ಜಾಕಿ ರಾಬಿನ್ಸನ್ ಬಾಸ್ಟನ್‌ನ ಫೆನ್‌ವೇ ಮೈದಾನಕ್ಕೆ ಬಂದು ಆಡಿ ತೋರಿಸಿದ. ರೆಡ್ ಸಾಕ್ಸ್ ಅವನನ್ನು ತೆಗೆದುಕೊಳ್ಳಲಿಲ್ಲ, ಅವನು ಕಪ್ಪು ಜನಾಂಗದವನು. 1947ರಲ್ಲಿ ಅವನು ಬ್ರೂಕ್ಲಿನ್ ಡಾಜರ್ಸ್ ಪರ ಆಡಿ ಆಟದ ಚರಿತ್ರೆಯನ್ನೇ ಬದಲಿಸಿದ. ರೆಡ್ ಸಾಕ್ಸ್ ತಂಡದಲ್ಲಿ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಕಾಣಿಸಿಕೊಂಡದ್ದು 1959ರಲ್ಲಿ, 16 ತಂಡಗಳ ಪೈಕಿ ಎಲ್ಲರಿಗಿಂತ ಕೊನೆಗೆ. ದೇಶದ ಅತ್ಯುತ್ತಮ ಆಟಗಾರರಲ್ಲಿ ಒಂದು ಪಾಲಿಗೆ ಬಾಗಿಲು ಮುಚ್ಚಿಕೊಂಡು ಕೂತ ತಂಡ ಸೋಲಿಗೆ ದೆವ್ವ ಹುಡುಕಬೇಕಾಗಿರಲಿಲ್ಲ. ಮೂಢನಂಬಿಕೆಯ ದೊಡ್ಡ ನಷ್ಟ ಇದೇ. ನಿಜವಾದ ಕಾರಣ ಕೂರಬೇಕಾದ ಕುರ್ಚಿಯಲ್ಲಿ ಅದು ಹೋಗಿ ಕೂತುಬಿಡುತ್ತದೆ.

ಹಾಗಾದರೆ ಬುದ್ಧಿವಂತರೂ ಯಾಕೆ ಟೋಪಿ ನಂಬುತ್ತಾರೆ? ಜಾರ್ಜ್ ಗ್ಮೆಲ್ಚ್ ಎಂಬವರು 1960ರ ದಶಕದಲ್ಲಿ ಕೆಳಹಂತದ ಲೀಗ್‌ಗಳಲ್ಲಿ ಬೇಸ್‌ಬಾಲ್ ಆಡಿದವರು, ಆಮೇಲೆ ಮಾನವಶಾಸ್ತ್ರಜ್ಞರಾದರು. ಪೆಸಿಫಿಕ್‌ನ ಟ್ರೋಬ್ರಿಯಾಂಡ್ ದ್ವೀಪದವರ ಬಗ್ಗೆ ಮಲಿನೋವ್‌ಸ್ಕಿ ಎಂಬ ಹಿರಿಯ ಮಾನವಶಾಸ್ತ್ರಜ್ಞ ಬರೆದದ್ದು ಅವರಿಗೆ ನೆನಪಾಯಿತು. ಆ ದ್ವೀಪದವರು ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರವನ್ನೂ ಹೇಳುತ್ತಿರಲಿಲ್ಲ. ಅಲ್ಲಿ ಮೀನು ಖಂಡಿತ ಸಿಗುತ್ತಿತ್ತು. ತೆರೆದ ಕಡಲಿಗೆ ಹೊರಟಾಗ ಮಾತ್ರ ಮಂತ್ರ, ಕಟ್ಟುಪಾಡು ಎಲ್ಲ. ಬೇಸ್‌ಬಾಲ್‌ನಲ್ಲೂ ಹಾಗೇ ಎಂದು ಗ್ಮೆಲ್ಚ್ ತೋರಿಸಿದರು. ಫೀಲ್ಡಿಂಗ್‌ನಲ್ಲಿ ನೂರಕ್ಕೆ 97 ಸಲ ಕೆಲಸ ಸರಿಯಾಗಿ ಆಗುತ್ತದೆ, ಅಲ್ಲಿ ಶಕುನ ಕಡಿಮೆ. ಬ್ಯಾಟಿಂಗ್‌ನಲ್ಲಿ ಒಳ್ಳೆಯವರೂ ಹತ್ತರಲ್ಲಿ ಏಳು ಸಲ ಸೋಲುತ್ತಾರೆ. ತಾಯಿತ, ಅದೃಷ್ಟದ ಬನಿಯನ್ನು, ಊಟದ ವ್ರತ ಎಲ್ಲ ಅಲ್ಲೇ. ವೇಡ್ ಬಾಗ್ಸ್ ಎಂಬ ಮಹಾನ್ ಬ್ಯಾಟರ್ ಪ್ರತಿ ಪಂದ್ಯಕ್ಕೂ ಮೊದಲು ಕೋಳಿಯನ್ನೇ ತಿನ್ನುತ್ತಿದ್ದ.

ಅಭಿಮಾನಿಯ ಪಾಡು ಇನ್ನೂ ಕಷ್ಟ. ಬ್ಯಾಟರ್ ಕೈಯಲ್ಲಿ ಬ್ಯಾಟಾದರೂ ಇದೆ. ಫ್ರೇಮಿಂಗ್‌ಹ್ಯಾಮ್‌ನ ಸೋಫಾ ಮೇಲೆ ಕೂತವರು ತೆರೆದ ಕಡಲಿನಲ್ಲಿ ಹುಟ್ಟಿಲ್ಲದ ದೋಣಿಯಲ್ಲಿದ್ದಾರೆ. ಆರು ತಿಂಗಳು ಹೆಚ್ಚುಕಡಿಮೆ ದಿನಾ ಸಂಜೆ ಅದೇ ದೋಣಿ. ಅದಕ್ಕೇ ಸ್ಟೇಡಿಯಂ ತುಂಬ ಜನ ತಂಡ ಹಿಂದೆ ಬಿದ್ದಾಗ ಟೋಪಿಯ ಒಳಮೈ ಹೊರಗೆ ಮಾಡಿ ಹಾಕಿಕೊಂಡು ಕೂರುತ್ತಾರೆ.

2014ರ ಏಪ್ರಿಲ್‌ನಲ್ಲಿ ಮತ್ತೆ ಅಕ್ಕನ ಮನೆಗೆ ಹೋದೆ. ಭಾವನಿಗೆ ಅಲ್ಲಿಯವರೆಗೆ ಹಾಕಿದ್ದ ಲೆಕ್ಕವನ್ನೆಲ್ಲ ಊಟದ ಹೊತ್ತಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. 'ಹಂಗಾದ್ರೆ ಟೋಪಿಗೂ ಗೆಲುವಿಗೂ ಸಂಬಂಧ ಇಲ್ಲ ಅಂತ ಹೆಂಗೆ ತೋರಿಸ್ತೀಯ?' ಅಂದರು. ಒಳ್ಳೆಯ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕನ ಮಗಳು ಉತ್ತರ ಕೊಟ್ಟಳು. ಹೈಸ್ಕೂಲಿನಲ್ಲಿ ಕಲಿತಿದ್ದಳು. 'ತೊಳೆಯೋ ದಿನ ನೀನು ಆರಿಸ್ಬಾರ್ದು ಅಪ್ಪ. ಅಮ್ಮನೂ ಆರಿಸ್ಬಾರ್ದು. ನಾಣ್ಯ ಆರಿಸ್ಬೇಕು' ಅಂದಳು.

ಪ್ರತಿ ಭಾನುವಾರ ರಾತ್ರಿ ಒಂದು ಸಲ ಚಿಮ್ಮುವುದು. ಹೆಡ್ ಬಿದ್ದರೆ ತೊಳೆಯುವುದು, ಟೇಲ್ ಬಿದ್ದರೆ ಇಲ್ಲ. ತಂಡ ಮೇಲಿದೆಯೋ ಕೆಳಗಿದೆಯೋ ನಾಣ್ಯಕ್ಕೆ ಗೊತ್ತಿಲ್ಲ. ಆದ್ದರಿಂದ ತಳ, ತುದಿ ಎರಡೂ ತೊಳೆದ ವಾರಗಳಿಗೂ ತೊಳೆಯದ ವಾರಗಳಿಗೂ ಸಮನಾಗಿ ಹಂಚಿಹೋಗುತ್ತವೆ. ಹೊಸ ಔಷಧಿಗಳನ್ನು ಪರೀಕ್ಷೆ ಮಾಡುವುದೂ ಹೀಗೇ. ಅವಳು ಹಾಳೆಯ ಮೇಲೆ ಮೂರು ಗೆರೆ ಎಳೆದು ಫ್ರಿಜ್‌ಗೆ ಅಂಟಿಸಿದಳು. ವಾರ, ತೊಳೆದದ್ದು, ಗೆಲುವು-ಸೋಲು.

ಭಾವ ಜೇಬಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದು ಚಿಮ್ಮಿದರು. ಅದು ನೆಲಕ್ಕೆ ಬಡಿದು, ಉರುಳಿ, ಫ್ರಿಜ್ ಕೆಳಗೆ ಹೋಯಿತು. ಮಗಳು ನೆಲದ ಮೇಲೆ ಮಲಗಿ ಮೊಬೈಲ್ ಲೈಟ್ ಹಾಕಿ ಇಣುಕಿದಳು. 'ಹೆಡ್' ಅಂದಳು. ಅಕ್ಕ ಆಗಲೇ ಎದ್ದು ಬಕೆಟ್‌ಗೆ ನೀರು ಬಿಟ್ಟಿದ್ದಳು. ಭಾವ ತಲೆಯಿಂದ ಟೋಪಿ ತೆಗೆದು, ಅದರ ಅಂಚನ್ನು ಒಮ್ಮೆ ಬೆರಳಿನಿಂದ ಸವರಿ, ಅಕ್ಕನ ಕೈಗೆ ಕೊಟ್ಟರು.