ಬೀರುವಿನೊಳಗೆ ಮಟ್ಟ ಹೊಕ್ಕ ಬಗೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಾಲಯ ಅಂದರೆ ಹೆಚ್ಚಾಗಿ ಒಂದು ಕಬ್ಬಿಣದ ಬೀರು. 1987ರ ಕಪ್ಪುಹಲಗೆ ಕಾರ್ಯಾಚರಣೆ ಎಂಬ ಕೇಂದ್ರದ ಯೋಜನೆ ಪುಸ್ತಕ ಕೊಡಿಸಿತು, 2009ರ ಶಿಕ್ಷಣ ಹಕ್ಕು ಕಾಯ್ದೆ ಗ್ರಂಥಾಲಯ ಕಡ್ಡಾಯ ಎಂದಿತು, 2018ರ ಸಮಗ್ರ ಶಿಕ್ಷಣ ಯೋಜನೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಗೊತ್ತುಮಾಡಿತು. ಗ್ರಂಥಪಾಲಕರು ಬೇಕೆಂದು ಮಾತ್ರ ಕಾಯ್ದೆ ಕೇಳಲಿಲ್ಲ.

ಓದಲು ಎಷ್ಟು ಕಷ್ಟ ಎಂದು ನೋಡಿ ಪುಸ್ತಕಕ್ಕೇ ಮಟ್ಟ ಕಟ್ಟುವ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು. 1986ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುವಾದ ಆಕ್ಸಲರೇಟೆಡ್ ರೀಡರ್‌ನಲ್ಲಿ ಓದಿದ ಪುಸ್ತಕದ ಮೇಲೆ ಕಂಪ್ಯೂಟರ್ ಕ್ವಿಜ್, ಅದಕ್ಕೆ ಅಂಕ. ನಮ್ಮಲ್ಲಿ ಅಳೆದದ್ದು ಮಗುವನ್ನು. 2005ರಿಂದ ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆ ಅಕ್ಷರ, ಪದ, ಪ್ಯಾರಾ, ಕಥೆ ಎಂದು ಹಂತ ಮಾಡಿತು. ಮಗು ತನ್ನ ವೇಗದಲ್ಲಿ ಹಂತ ಹಂತವಾಗಿ ಹತ್ತುವ ನಲಿ-ಕಲಿಯ ಮೆಟ್ಟಿಲು ಮೊದಲೇ ಇತ್ತು. ಆಮೇಲೆ ‘ಓದು ಕರ್ನಾಟಕ’ ಕಾರ್ಯಕ್ರಮ 4-5ನೇ ತರಗತಿ ಮಕ್ಕಳನ್ನು ಓದಿನ ಹಂತದ ಪ್ರಕಾರ ಗುಂಪು ಮಾಡಿತು. 2021ರಲ್ಲಿ ಬಂದ ಕೇಂದ್ರದ ನಿಪುಣ್ ಭಾರತ್, ಮೂರನೇ ತರಗತಿ ಮುಗಿಸುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಓದು-ಬರಹ, ಲೆಕ್ಕ ಬರಬೇಕು ಎಂದು 2026-27ರ ಗಡುವು ಹಾಕಿತು.

ಅಲ್ಲಿಂದ ಈ ಅಳತೆ ಬೀರುವಿಗೂ ಇಳಿಯಿತು, ಪುಸ್ತಕಗಳೂ ಹಂತವಾರು ಸಾಲಾದವು. ಇದರಿಂದ ಲಾಭವಿಲ್ಲ ಅನ್ನುವಂತಿಲ್ಲ. ಆಗಷ್ಟೇ ಕೂಡಿಸಿ ಓದುವ ಮಗುವಿಗೆ ನಾಲ್ಕು ಸಾಲಿನ ಚಿತ್ರಕಥೆ ಸಿಕ್ಕಿತು. ಮೊದಲು ಕೈಗೆ ಬರುತ್ತಿದ್ದದ್ದು ಮಹಾಪುರುಷರ ಜೀವನ ಚರಿತ್ರೆ. ಆದರೆ ‘ಪದ’ ಹಂತದ ಹುಡುಗಿ ‘ಕಥೆ’ ಸಾಲಿಗೆ ಕೈ ಹಾಕಿದರೆ ಏನು ಮಾಡಬೇಕು? ಬೇಡ ಎನ್ನಿ ಎಂದು ಯಾವ ಸುತ್ತೋಲೆಯೂ ಹೇಳಬೇಕಾಗಿಲ್ಲ, ಗುಂಪಿನ ಪಟ್ಟಿ ಕೈಯಲ್ಲಿದ್ದರೆ ಬಾಯಿಗೆ ತಾನಾಗಿ ಬರುತ್ತದೆ. ಅನುದಾನವೂ ಕೆಳಹಂತದ ತೆಳು ಪುಸ್ತಕಗಳಿಗೇ ಹರಿದರೆ ಏಳನೇ ತರಗತಿಯವನಿಗೆ ಉಳಿಯುವುದು ಹಳೆಯ ದಾಸ್ತಾನು.

ಕನ್ನಡದ ತೊಡಕು ಬೇರೆಯೇ ಇದೆ. ಪುಸ್ತಕದ ಮಟ್ಟ ಕಟ್ಟುವ ಇಂಗ್ಲಿಷಿನ ಸೂತ್ರಗಳು ವಾಕ್ಯ ಎಷ್ಟು ಉದ್ದ, ಪದ ಎಷ್ಟು ಬಳಕೆಯದು ಎಂದು ನೋಡುತ್ತವೆ. ನಮ್ಮ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ಆಂಧ್ರದ ಗಡಿಭಾಗದಲ್ಲಿ ಮನೆಮಾತು ತೆಲುಗಾದರೆ ಅಕ್ಷರ ಬಂದರೂ ಅರ್ಥ ತಡವಾಗುತ್ತದೆ. ಅದೇ ಮಗು ಒನಕೆ ಓಬವ್ವನ ಕಥೆಯಲ್ಲಿ ತನ್ನ ಹಂತ ದಾಟಿ ಓದಿಬಿಡಬಹುದು, ಕೋಟೆಯ ಕಿಂಡಿ, ಒನಕೆ, ಹೈದರಾಲಿಯ ಸೈನಿಕರು ಎಲ್ಲ ಮೊದಲೇ ಕಿವಿಗೆ ಬಿದ್ದಿರುತ್ತದಲ್ಲ.

ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘ 2011ರಲ್ಲೇ ಪುಸ್ತಕಕ್ಕೆ ಮಟ್ಟದ ಚೀಟಿ ಅಂಟಿಸಬೇಡಿ, ಮಟ್ಟವಾರು ಜೋಡಿಸಬೇಡಿ ಎಂದಿತ್ತು. ಇಲ್ಲೂ ಮಾಡಬಹುದು: ಹಂತವನ್ನು ಒಳರಟ್ಟಿನಲ್ಲಿ ಪೆನ್ಸಿಲ್ಲಿನಿಂದ ಬರೆದು, ಸಾಲು ಮಾತ್ರ ವಿಷಯವಾರು ಇಡಬಹುದು. ಹಾಗೆ ಜೋಡಿಸಲು, ಮಕ್ಕಳ ಜೊತೆ ನಿಂತು ಪುಸ್ತಕ ಹುಡುಕಲು ಒಂದು ಪೀರಿಯಡ್ ಬೇಕು. ಬೀರುವಿನ ಕೀಲಿ ಇರುವ ಶಿಕ್ಷಕರ ಹತ್ತಿರವೇ ಬಿಸಿಯೂಟದ ಲೆಕ್ಕವೂ ಇರುತ್ತದೆ.