ಅಫಿಲಿಯೇಷನ್ ಪದದೊಳಗೆ ಒಬ್ಬ ಮಗ ಇದ್ದಾನೆ

ಅಫಿಲಿಯೇಷನ್ ಅಂದ ತಕ್ಷಣ ಕಾಲೇಜಿನ ಬೋರ್ಡು ನೆನಪಾಗುತ್ತದೆ, ಅಲ್ವಾ? ಇಂಥ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಅಂತ ಬರೆದಿರುತ್ತಾರಲ್ಲ, ಅದೇ. ನಮ್ಮ ಪಠ್ಯದಲ್ಲಿ ಕುಟುಂಬದ ಅಧ್ಯಾಯದಲ್ಲೂ ಧರ್ಮದ ಅಧ್ಯಾಯದಲ್ಲೂ ಈ ಪದ ಬಂದಾಗ ನಾನು ಸುಮ್ನೆ ‘ಸದಸ್ಯತ್ವ’ ಅಂತ ಬರೆದುಕೊಂಡು ಮುಂದೆ ಹೋಗಿದ್ದೆ. ಅಷ್ಟು ಸಾಲದು.

ಲ್ಯಾಟಿನ್‌ನಲ್ಲಿ ಫಿಲಿಯಸ್ ಅಂದರೆ ಮಗ. ಅಫಿಲಿಯಾರೆ ಅಂದರೆ ಮಗನಾಗಿ ಮಾಡಿಕೊಳ್ಳುವುದು, ಅಂದರೆ ದತ್ತು. ಅಪ್ಪ ಅಮ್ಮನಿಗೂ ಮಗುವಿಗೂ ಇರುವ ನೇರ ಸಂಬಂಧ ಫಿಲಿಯೇಷನ್, ಮದುವೆಯಿಂದ ಬರುವ ನೆಂಟಸ್ತಿಕೆ ಅಫಿನಿಟಿ. ಮೂರೂ ಕಿವಿಗೆ ಒಂದೇ ಥರ ಕೇಳುತ್ತವೆ. ಒಂದು ಟೆಸ್ಟ್‌ನಲ್ಲಿ ಇವನ್ನು ಅದಲು ಬದಲು ಬರೆದು ಅಂಕ ಕಳೆದುಕೊಂಡಿದ್ದೇನೆ, ನೀವು ಹಾಗೆ ಮಾಡಬೇಡಿ.

ಅಫಿಲಿಯೇಷನ್‌ನಲ್ಲಿ ‘ಸೇರಿಸುವ’ ಕೆಲಸ ಇದೆ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಸತ್ತಾಗ, ಅವನ ಸೋದರಿಯ ಮೊಮ್ಮಗ ಆಕ್ಟೇವಿಯನ್ ಈಗ ಸೀಸರನ ಮಗ ಅಂತ ಉಯಿಲು ಹೇಳಿತ್ತು. ಹುಡುಗನಿಗೆ ಹೆಸರೂ ಬಂತು, ಆಸ್ತಿಯೂ ಬಂತು, ಜೊತೆಗೆ ಸೀಸರನ ಹಗೆಗಳೂ ಬಂದವು. ಮುಂದೆ ಕ್ರೈಸ್ತ ಧರ್ಮಪ್ರಚಾರಕ ಪೌಲ ರೋಮಿನವರಿಗೆ ಪತ್ರ ಬರೆಯುವಾಗ ದೇವರಿಗೂ ಮನುಷ್ಯನಿಗೂ ಇರುವ ಸಂಬಂಧಕ್ಕೆ ಈ ದತ್ತಿನ ಮಾತನ್ನೇ ಬಳಸಿದ. ಓದುವವರಿಗೆ ಅದು ಮನೆಮಾತು, ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಗ್ಲೆಂಡಿನ ಕಾನೂನಿನಲ್ಲಿ ಮಾತ್ರ ಪದ ಕಹಿಯಾಯಿತು. ಮದುವೆಯಾಗದ ತಾಯಿ ಕೋರ್ಟಿಗೆ ಹೋಗಿ, ಮಗುವಿನ ಅಪ್ಪ ಇವನೇ ಅಂತ ಸಾಬೀತು ಮಾಡಿದರೆ ‘ಅಫಿಲಿಯೇಷನ್ ಆರ್ಡರ್’ ಸಿಗುತ್ತಿತ್ತು. ಅವನು ದುಡ್ಡು ಕೊಡಬೇಕು, ಅಷ್ಟೇ. ಮಗುವನ್ನು ಮನೆಗೆ ಕರೆದುಕೊಳ್ಳಬೇಕು ಅಂತೇನಿಲ್ಲ. ಈ ಪದ್ಧತಿಯನ್ನು ತೆಗೆದುಹಾಕಿದ್ದು 1987ರ ಕಾಯ್ದೆ.

ನನಗೆ ಜಾಸ್ತಿ ಇಷ್ಟವಾದದ್ದು ಸಿಸ್ಟರ್ಷಿಯನ್ ಅನ್ನುವ ಕ್ರೈಸ್ತ ಪಂಥದ ಸನ್ಯಾಸಿಗಳ ಕಥೆ. 1098ರಲ್ಲಿ ಫ್ರಾನ್ಸಿನ ಸಿತೋದಲ್ಲಿ ಮೊದಲ ಮಠ ಶುರುವಾಯಿತು. ಅಲ್ಲಿಂದ ಒಂದಷ್ಟು ಸನ್ಯಾಸಿಗಳು ಹೊರಟು ಬೇರೆ ಕಡೆ ಮಠ ಕಟ್ಟಿದರೆ ಅದು ‘ಮಗಳು’, ಕಳಿಸಿದ ಮಠ ‘ತಾಯಿ’. ಲಾ ಫೆರ್ತೆ, ಪೊಂಟಿನ್ಯಿ, ಕ್ಲೇರ್ವೋ, ಮೊರಿಮೊಂಡ್ ಮೊದಲ ನಾಲ್ಕು ಹೆಣ್ಣುಮಕ್ಕಳು. ತಾಯಿ ಮಠದ ಹಿರಿಯ ವರ್ಷಕ್ಕೊಮ್ಮೆ ಮಗಳ ಮನೆಗೆ ಬಂದು ನಿಯಮ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಬೇಕು, ಆದರೆ ಮಗಳಿಂದ ಕಪ್ಪಕಾಣಿಕೆ ವಸೂಲಿ ಮಾಡುವ ಹಾಗಿಲ್ಲ. ಸಿತೋವನ್ನೇ ಪರೀಕ್ಷಿಸಲು ಆ ನಾಲ್ಕು ಮಠದ ಹಿರಿಯರು ಹೋಗುತ್ತಿದ್ದರು. ಮಕ್ಕಳೇ ಬಂದು ತಾಯಿಯ ಲೆಕ್ಕ ಕೇಳುವುದು! ಎಷ್ಟು ಮನೆಗಳಲ್ಲಿ ಇದು ನಡೆದೀತು ಹೇಳಿ.

ಈಗಿನ ಜನಗಣತಿಯಲ್ಲಿ ‘ಧಾರ್ಮಿಕ ಅಫಿಲಿಯೇಷನ್’ ಇನ್ನೂ ತೆಳು. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶೇ 46.2 ಜನರ ಫಾರ್ಮಿನಲ್ಲಿ ಕ್ರೈಸ್ತ ಅಂತಿತ್ತು. ಚರ್ಚಿಗೆ ಹೋಗುತ್ತಾರಾ, ನಂಬುತ್ತಾರಾ ಅಂತ ಆ ಪ್ರಶ್ನೆ ಅಳೆಯುವುದಿಲ್ಲ, ಯಾವುದರ ಜೊತೆ ಗುರುತಿಸಿಕೊಳ್ಳುತ್ತಾರೆ ಅಂತ ಮಾತ್ರ ಕೇಳುತ್ತದೆ. ಉತ್ತರಿಸಲೇಬೇಕು ಅಂತಲೂ ಇಲ್ಲ. ಯಾರೂ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಒಂದು ಟಿಕ್ ಸಾಕು. ಅದೂ ಮನೆಯವರೆಲ್ಲರ ಪರವಾಗಿ ಒಬ್ಬರೇ ಫಾರ್ಮ್ ತುಂಬಿದಾಗ, ಮಗನ ಧರ್ಮದ ಮುಂದೆ ಟಿಕ್ ಹಾಕಿದ್ದು ಅಮ್ಮನೇ ಆಗಿರಬಹುದು.